ಎರಡೂಕಾಲು ಅಡಿ

ನಮ್ಮ ಜಲವಿದ್ಯುತ್ ಕೇಂದ್ರದ ಕಾಲುವೆಯಲ್ಲಿ ಇಪ್ಪತ್ತು ವರ್ಷಗಳಿಂದ ನೀರು ಎರಡೂಕಾಲು ಅಡಿಗಿಂತ ಕೆಳಗೆ ಇಳಿದೇ ಇಲ್ಲ. ಪುಸ್ತಕದಲ್ಲಿ ಹಾಗಿದೆ. ಬರೆದವರಲ್ಲಿ ನಾನೂ ಒಬ್ಬನಾದ್ದರಿಂದ ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತು.

ಯಂತ್ರ ಇರುವುದು ಗುಡ್ಡದ ಬುಡದಲ್ಲಿ, ಕಾಲುವೆ ಗುಡ್ಡದ ನೆತ್ತಿಯಲ್ಲಿ. ನಡುವೆ ನೀರು ಇಳಿಯುವ ದಪ್ಪ ಪೈಪು, ಅದರ ಪಕ್ಕದಲ್ಲೇ ಮೆಟ್ಟಿಲು. ದಿನಕ್ಕೊಮ್ಮೆ ಹತ್ತಿ ಹೋಗಿ ಅಳತೆಪಟ್ಟಿ ನೋಡಿ ಬಂದು ಬರೆಯಬೇಕು. ನೀರು ಎರಡು ಅಡಿಗಿಂತ ಕಡಿಮೆಯಾದರೆ ಗಂಟೆಗೊಮ್ಮೆ ಹತ್ತಬೇಕು. ಈ ನಿಯಮ ಮಾಡಿದ ಮಹಾನುಭಾವ ಆ ಮೆಟ್ಟಿಲನ್ನು ಕಣ್ಣಲ್ಲೂ ಕಂಡಿರಲಿಕ್ಕಿಲ್ಲ. ಬೇಸಿಗೆ ಬಂತೆಂದರೆ ಮೂರು ಪಾಳಿಯವರೂ ಫ್ಯಾನಿನ ಕೆಳಗೆ ಕೂತು ‘ಎರಡೂಕಾಲು’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು.

ನೀರಿದ್ದೂ ಕರೆಂಟು ಅರ್ಧಕ್ಕಿಳಿಯುವುದೇಕೆ ಎಂದು ಕೇಂದ್ರ ಕಚೇರಿಯವರು ಕೇಳದೆ ಬಿಡುತ್ತಾರೆಯೇ? ಯಂತ್ರ ಹಳೆಯದು, ಸೆಕೆಗೆ ಬೇರಿಂಗ್ ಕಾಯುತ್ತದೆ, ಅದಕ್ಕೇ ನಿಧಾನಕ್ಕೆ ಓಡಿಸುತ್ತಿದ್ದೇವೆ ಎಂದು ವರ್ಷವರ್ಷವೂ ವರದಿ ಬರೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹತ್ತಲಾರದ ನಾವು ಯಂತ್ರ ಡೊಂಕು ಎಂದೆವು. ಬೇಸಿಗೆಯ ಕೊರತೆ ತುಂಬಲು ಪೇಟೆಯ ಡೀಸೆಲ್ ಮನೆಯಲ್ಲಿ ಎರಡು ಇಂಜಿನ್ನುಗಳಿದ್ದವು. ಹೇಗೋ ನಡೆದುಹೋಗುತ್ತಿತ್ತು.

ಈ ಮಳೆಗಾಲದ ಕೊನೆಗೆ ಎರಡೂ ಕಡೆ ಸುಧಾರಣೆ ಮಾಡಲು ಒಬ್ಬ ಇಂಜಿನಿಯರಮ್ಮ ಬಂದರು. ಕೆಲಸದಲ್ಲಿ ಬಿಗಿ, ಮಾತಿನಲ್ಲಿ ಮೃದು. ಒಂದು ವಾರ ನಮ್ಮ ಪುಸ್ತಕಗಳನ್ನೆಲ್ಲ ಓದಿ ನನ್ನನ್ನು ಕರೆದರು.

“ನಿಮ್ಮ ವರದಿ ಸರಿಯಾಗಿದೆ. ನೀರಿದೆ, ಯಂತ್ರಕ್ಕೆ ಶಕ್ತಿಯಿಲ್ಲ. ಹೊಸ ಯಂತ್ರ ಹಾಕಿದರೆ ವರ್ಷಪೂರ್ತಿ ಪೇಟೆಗೆ ಇದೊಂದೇ ಸಾಕು. ಡೀಸೆಲ್ ಇಂಜಿನ್ ಎರಡನ್ನೂ ಬೇರೆ ಊರಿಗೆ ಕಳಿಸಿಬಿಡೋಣ. ಶುಕ್ರವಾರ ಆದೇಶ ಹೋಗತ್ತೆ. ಹೊಸ ಕಂಟ್ರೋಲ್ ರೂಮಿಗೆ ನಿಮ್ಮನ್ನೇ ಮುಖ್ಯಸ್ಥರನ್ನಾಗಿ ಮಾಡಬೇಕು ಅಂತ ಬರೆದಿದ್ದೀನಿ.”

ಹೊರಗೆ ಕಾಲುವೆ ತುಂಬಿ ಹರಿಯುತ್ತಿತ್ತು. ಆಗ ಯಾರು ಹತ್ತಿ ನೋಡಿದರೂ ನನ್ನ ಸುಳ್ಳು ಸಿಕ್ಕಿಬೀಳುತ್ತಿರಲಿಲ್ಲ. “ಸಂತೋಷ ಮೇಡಂ” ಎಂದು ಮನೆಗೆ ಬಂದೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಅವಳ ಸುಪರ್ದಿಯಲ್ಲಿವೆ. ಸುದ್ದಿ ಆಗಲೇ ಅವಳ ಕಿವಿಗೂ ಬಿದ್ದಿತ್ತು.

“ರೀ, ಇನ್ನು ಬೇಸಿಗೇಲೂ ಪೆಟ್ಟಿಗೆ ಆರಲ್ಲ ಅಂತೆ, ನಿಜಾನಾ?” ಎಂದಳು. “ಹೋದ ವರ್ಷ ಡೀಸೆಲ್ ಬರೋ ತನಕ ಒಂದು ಕೂಸನ್ನ ಎದೆಗೆ ಕಟ್ಟಿಕೊಂಡು ಕೂತಿದ್ದೆ.”

ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಮುಂದಿನ ಬೇಸಿಗೆಗೆ ಕಾಲುವೆಯಲ್ಲಿ ಒಂದಡಿ ನೀರು, ಡೀಸೆಲ್ ಮನೆ ಖಾಲಿ, ಹೊಸ ಕುರ್ಚಿಯಲ್ಲಿ ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. “ನಾಳೆ ಗುರುವಾರ” ಎಂದಷ್ಟೇ ಹೇಳಿ ತಟ್ಟೆ ತೆಗೆದಳು.

ಬೆಳಿಗ್ಗೆ ಇಂಜಿನಿಯರಮ್ಮನ ಮುಂದೆ ನಿಂತು ಒಂದೇ ಉಸಿರಿಗೆ ಒಪ್ಪಿಕೊಂಡೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

“ಇಷ್ಟು ವರ್ಷದಲ್ಲಿ ನಿಜವಾದ ಅಳತೆ ಒಂದೂ ಇಲ್ವಾ?”

ಇತ್ತು. ಅದೇ ನನ್ನ ದೊಡ್ಡ ತಪ್ಪು. ಹನ್ನೊಂದು ವರ್ಷದ ಹಿಂದೆ ನನ್ನ ಪಾಳಿಯಲ್ಲಿ ಒಬ್ಬನಿದ್ದ. ಏನು ಹೇಳಿದರೂ ತೂಗಿ ನೋಡುತ್ತಾನೆಂದು ಅವನಿಗೆ ‘ತಕ್ಕಡಿ’ ಎಂದು ಹೆಸರಿಟ್ಟಿದ್ದೆವು. ಆ ಬೇಸಿಗೆಯಲ್ಲಿ ಅವನು ದಿನವೂ ಮೆಟ್ಟಿಲು ಹತ್ತಿ ‘ಒಂದಡಿ ನಾಲ್ಕಂಗುಲ’, ‘ಒಂದಡಿ ಒಂದಂಗುಲ’ ಎಂದು ಬರೆದ. ಆ ಅಂಕಿ ಉಳಿದರೆ ಎಲ್ಲರೂ ಗಂಟೆಗೊಮ್ಮೆ ಹತ್ತಬೇಕಲ್ಲ! ದಿನವೂ ಅವನ ಅಂಕಿಗೆ ಕೆಂಪು ಗೆರೆ ಎಳೆದು ಮೇಲೆ ಎರಡೂಕಾಲು ಬರೆದವನು ನಾನು. ಇವನಿಗೆ ಕಣ್ಣು ಸರಿಯಿಲ್ಲ ಎಂದು ದೂರು ಕೊಟ್ಟು ಡೀಸೆಲ್ ಮನೆಗೆ ಎತ್ತಿಹಾಕಿಸಿದವನೂ ನಾನೇ.

ಆ ವರ್ಷದ ಪುಸ್ತಕ ತಂದುಕೊಟ್ಟೆ. ಗೆರೆಯ ಅಡಿಯಲ್ಲಿ ಅವನ ಅಂಕಿಗಳು ದುಂಡಗೆ ಹಾಗೇ ಇದ್ದವು. ಇಂಜಿನಿಯರಮ್ಮ ಅದೇ ದಿನಗಳ ಕರೆಂಟಿನ ಲೆಕ್ಕದ ಜೊತೆ ಹೋಲಿಸಿದರು. ನೀರು ಇಳಿದಷ್ಟೇ ಕರೆಂಟೂ ಇಳಿದಿತ್ತು.

“ಇದನ್ನ ಬರೆದವರು ಖುದ್ದಾಗಿ ಸಹಿ ಹಾಕಿಕೊಟ್ಟರೆ ಇಂಜಿನ್ ಕಳಿಸೋದು ನಿಲ್ಲಿಸ್ತೀನಿ. ಮುಂದಿನ ಬೇಸಿಗೆ ಮತ್ತೆ ಅಳೆಯೋಣ. ಆದರೆ ಕಂಟ್ರೋಲ್ ರೂಮಿಗೆ ನಿಮ್ಮ ಹೆಸರು ಇರಲ್ಲ.”

“ಬೇಡ ಮೇಡಂ” ಎಂದೆ.

ಡೀಸೆಲ್ ಮನೆಯಲ್ಲಿ ಒಂದು ಇಂಜಿನ್ನನ್ನು ಪರೀಕ್ಷೆಗೆಂದು ಓಡಿಸುತ್ತಿದ್ದರು. ತಕ್ಕಡಿ ಎಣ್ಣೆಯ ಬಟ್ಟೆಯಲ್ಲಿ ಕೈ ಒರೆಸುತ್ತಾ ನಿಂತಿದ್ದ. ಹನ್ನೊಂದು ವರ್ಷದ ಆ ಸದ್ದು ಅವನ ಕಿವಿಯನ್ನು ಮುಕ್ಕಾಲು ತಿಂದುಹಾಕಿತ್ತು. ಗುಟ್ಟಾಗಿ ಹೇಳಿ ಮುಗಿಸೋಣವೆಂದುಕೊಂಡು ಹೋದವನು ನಾಲ್ಕು ಜನ ಕೆಲಸಗಾರರ ಎದುರು ಗಂಟಲು ಹರಿಯುವಂತೆ ಕೂಗಬೇಕಾಯಿತು.

“ನೀನು ಬರೆದದ್ದೇ ಸರಿ! ನಾನು ಸುಳ್ಳು ಬರೆದೆ!”

“ಏನಂದೆ?” ಎಂದ. ಮತ್ತೆ ಕೂಗಿದೆ. ಮತ್ತೆ “ಏನಂದೆ?” ಎಂದ. ಎರಡನೇ ಸಲ ಅವನಿಗೆ ನಿಜವಾಗಿಯೂ ಕೇಳಿಸಿರಲಿಲ್ಲವೋ, ಬೇಕೆಂದೇ ಕೇಳಿದನೋ, ಇವತ್ತಿಗೂ ನನಗೆ ತಿಳಿಯದು. ಮೂರನೇ ಸಲ ಹೇಳಿದ ಮೇಲೆ ಪುಸ್ತಕಕ್ಕೆ ಕೈಚಾಚಿದ.

ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದ. ಆಮೇಲೆ ಪುಸ್ತಕವನ್ನು ನನ್ನ ಕಡೆಗೇ ತಳ್ಳಿದ.

“ಅಂಕಿ ಹೊಡೆದುಹಾಕಿದವನು ಪಕ್ಕದಲ್ಲಿ ಸಹಿ ಹಾಕಬೇಕು. ನಿಯಮ ಅದು. ನೀನು ಒಂದಕ್ಕೂ ಹಾಕಿಲ್ಲ ನೋಡು. ಮೊದಲು ನೀನು ಹಾಕು, ಆಮೇಲೆ ನಾನು.”

ಎಣ್ಣೆಯ ಪೀಪಾಯಿಯ ಮೇಲೆ ಪುಸ್ತಕವಿಟ್ಟುಕೊಂಡು ಸಹಿ ಹಾಕತೊಡಗಿದೆ. ಹತ್ತು ಹಾಕುವಷ್ಟರಲ್ಲಿ ಬೆವರು ಬಂತು. ಒಂದೊಂದು ಸಹಿಗೂ ಒಂದೊಂದು ಸಲ ಆ ಮೆಟ್ಟಿಲು ಹತ್ತಿಳಿದಿದ್ದನಲ್ಲ ಇವನು ಎಂದುಕೊಂಡೆ. ಎಲ್ಲ ಮುಗಿಸಿ ಕೊಟ್ಟೆ. ಅವನು ಬೆರಳಿಟ್ಟು ಎಣಿಸಿದ.

“ನಲವತ್ತೈದು. ಒಂದು ಬಿಟ್ಟಿದ್ದೀಯ.”

ಕೊನೆಯ ಪುಟ ತೆಗೆದು ತೋರಿಸಿದ. ಹನ್ನೊಂದಂಗುಲ. ಅಡಿಯೂ ಇಲ್ಲ. ಅವತ್ತು ಬೆಳಿಗ್ಗೆ ಅವನು ಹತ್ತಿ ಬಂದು ಅದನ್ನು ಬರೆದಿದ್ದ, ಮಧ್ಯಾಹ್ನ ನಾನು ವರ್ಗಾವಣೆಯ ಕಾಗದವನ್ನು ಅವನ ಕೈಗಿಟ್ಟಿದ್ದೆ.

ಅಲ್ಲೂ ಸಹಿ ಹಾಕಿದೆ. ಅವನು ಕೈಯನ್ನು ಇನ್ನೊಮ್ಮೆ ಚೆನ್ನಾಗಿ ಒರೆಸಿಕೊಂಡು, ನನ್ನ ಹೆಸರಿನ ಕೆಳಗೆ ತನ್ನ ಹೆಸರು ಬರೆದ.