ಗೋಲಿನ ಹಿಂದೆ ನಿಂತವರ ಟೋಪಿ

ಶವಸಂಸ್ಕಾರದ ಮರುದಿನವೂ ಹಾಲಿನವನು ಎರಡು ಬಾಟಲಿ ಇಟ್ಟು ಹೋಗಿದ್ದ. ಒಂದು ಸಾಕೆಂದು ನಾನಿನ್ನೂ ಹೇಳಿರಲಿಲ್ಲ.

ಹತ್ತಕ್ಕೆ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಪಿಲ್ಲಿಂಗ್ ಬಂದರು. ನನ್ನ ಗಂಡ ಸೆಡ್ರಿಕ್ ಇಂಗ್ಲೆಂಡಿನ ಗೋಲ್‌ಕೀಪರನಾಗಿ ಆಡಿದ್ದಕ್ಕೆ ಪಂದ್ಯಕ್ಕೊಂದರಂತೆ ಗೌರವವಾಗಿ ಬಂದ ಮಖಮಲ್ಲಿನ ಟೋಪಿಗಳನ್ನು, ಹತ್ತೊಂಬತ್ತನ್ನೂ, ಕೊಟ್ಟೆ. ಮೈದಾನದ ಬಾಗಿಲಲ್ಲಿ ಅವಕ್ಕೆ ಗಾಜಿನ ಬೀರು ಮಾಡಿಸಿದ್ದರು. ಆದರೆ ಪಿಲ್ಲಿಂಗರ ಕಣ್ಣು ಮೊಳೆಯಲ್ಲಿ ತೂಗುತ್ತಿದ್ದ ಹಳೆಯ ಉಣ್ಣೆಯ ಟೋಪಿಯ ಮೇಲಿತ್ತು.

“ಜನ ಬರೋದು ಇದನ್ನ ನೋಡೋಕೆ ಕಣಮ್ಮ. ಮಖಮಲ್ಲು ಯಾರಿಗ್ ಬೇಕು?”

“ಅದು ಅವನದಲ್ಲ.”

“ಒಂಬತ್ತು ವರ್ಷ ಅವನ ತಲೆ ಮೇಲೇ ಇತ್ತಲ್ಲ!”

“ಎನಕ್ ಟ್ಯಾಟರ್ಸಲ್ ಅವರದು.”

ಸೆಡ್ರಿಕ್ ಕ್ಲಬ್ಬಿಗೆ ಆಡಿದ ಮೊದಲ ಪಂದ್ಯದಲ್ಲಿ ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಗೋಲಿನ ಹಿಂದೆ ಆಟ ನೋಡುತ್ತ ನಿಂತಿದ್ದ ನೇಕಾರ ಎನಕ್‌ರ ಟೋಪಿಯನ್ನು ಅವನು ಕೇಳಿ ಹಾಕಿಕೊಂಡ; ಪೆನಾಲ್ಟಿ ತಡೆದ. ಮುಗಿದ ಮೇಲೆ ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. “ಆಟ ಬಿಟ್ಟ ದಿನ ಕೊಡಪ್ಪ” ಎಂದರು. ಅಂದಿನಿಂದ ಅದೇ ಜಾಗದಲ್ಲಿ, ಎಂಥ ಮಳೆಯಲ್ಲೂ, ಬರಿತಲೆಯಲ್ಲೇ ನಿಂತರು. ನ್ಯುಮೋನಿಯಾ ಬಂದದ್ದು ಅವರಿಗಲ್ಲ, ಮೂವತ್ತೊಂದು ವರ್ಷದ ಸೆಡ್ರಿಕ್‌ಗೆ.

ಪಿಲ್ಲಿಂಗ್ ಸಂಜೆ ಮತ್ತೆ ಬರುವುದಾಗಿ ಹೇಳಿ ಹೋದರು. ಟೋಪಿಯೊಳಗೆ ಮುಖವಿಟ್ಟೆ. ಅವನ ಕೂದಲಿನ ಎಣ್ಣೆಯ ವಾಸನೆ. ಉಳಿದ ಬಟ್ಟೆಯನ್ನೆಲ್ಲ ಅತ್ತೆ ಒಗೆದುಬಿಟ್ಟಿದ್ದರು. ಇದನ್ನು ಬೀರುವಿಗಾಗಲಿ ಎನಕ್‌ರಿಗಾಗಲಿ ಕೊಡಲು ನನಗೆ ಮನಸ್ಸಿರಲಿಲ್ಲ.

ಆದರೆ ನಿನ್ನೆಯ ಬೀದಿ ಕಣ್ಣಮುಂದೆ ಬಂತು. ಶವಪೆಟ್ಟಿಗೆ ಹೋಗುವಾಗ ಗಿರಣಿಯ ಗೋಡೆಯುದ್ದಕ್ಕೂ ಗಂಡಸರು ಗೌರವಕ್ಕೆ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಎನಕ್‌ರ ಕೈ ತಲೆಯವರೆಗೆ ಹೋಗಿ, ಏನೂ ಸಿಗದೆ, ಕೆಳಗಿಳಿಯಿತು.

ಕೋಟು ಹಾಕಿಕೊಂಡು ಹೊರಟೆ.

ಬಾಗಿಲು ತೆಗೆದದ್ದು ಎನಕ್‌ರ ಹೆಂಡತಿ ಏಡಾ. “ಅಯ್ಯೋ, ಇದಾ! ಒಂಬತ್ತು ವರ್ಷ ಈ ಬೋಳುತಲೆಗೆ ನೆಗಡಿ ತಾಯಿ. ಹೊಸದು ತಗೋ ಅಂದ್ರೆ ಕೇಳಿದ್ನಾ?”

ಹಿಂದಿನಿಂದ ಎನಕ್ ಬಂದರು. “ತಗೊಂಡಿದ್ರೆ ಗೋಲ್ ಬೀಳ್ತಿತ್ತು ಕಣೇ.”

“ಹೋದ್ ವರ್ಷ ಆರು ಬಿತ್ತಲ್ಲ!”

“ಅವತ್ತು ನೀನು ತಲೆಗೆ ಮಫ್ಲರ್ ಸುತ್ತಿ ಕಳ್ಸಿದ್ದೆ.”

ನಾನು ನಕ್ಕೆ. ಬೇರೆ ಯಾರೋ ನಕ್ಕಂತೆ ಕೇಳಿಸಿತು.

ಟೋಪಿ ಚಾಚಿದೆ. “ಆಟ ಬಿಟ್ಟ ದಿನ ಕೊಡು ಅಂದಿದ್ರಂತೆ.”

ಎನಕ್ ಮುಟ್ಟಲಿಲ್ಲ. “ನಿನಗೆ ಬೇಡ್ವಾ ಮಗಳೇ?”

“ಬೇಕು” ಎಂದೆ. ಕೈ ಹಿಂದಕ್ಕೆ ತೆಗೆಯಲಿಲ್ಲ.

ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಗಿಟ್ಟರು. ಆಮೇಲೆ ಅಲ್ಲೇ, ಹೊಸ್ತಿಲಲ್ಲಿ, ಮೆಲ್ಲಗೆ ತೆಗೆದರು.