ಕರಗದ ಹೆಪ್ಪು

ತೀರಿಕೊಂಡ ಅಪ್ಪ ತುಕಾರಾಮನ ಬಾತ ಎಡಗಾಲಿಗೆ ತಂಬಿಗೆಯ ನೀರು ಸುರಿಯುತ್ತಲೇ ಪಂಚಶೀಲಾ ಅಂಗಳದ ಅಂಚಿಗೆ ಒಮ್ಮೆ ಕಣ್ಣು ಹಾಯಿಸಿದಳು. ಸೋದರತ್ತೆಯ ಮಗ ಅಜಿತ ಬಿಳಿ ಅಂಗಿಯ ತೋಳು ಮಡಚಿ ಚಟ್ಟದ ಬಿದಿರು ಬಿಗಿಯುತ್ತಿದ್ದ. ಇಂಥ ಹೊತ್ತಿನಲ್ಲೂ ತನಗೆ ಆ ತೋಳು ಕಂಡಿತಲ್ಲ! ಇದನ್ನು ಡೈರಿಯಲ್ಲೂ ಬರೆಯಬಾರದು ಅಂದುಕೊಂಡಳು.

"ಟೆಂಪೊ ಹೊಡದು ಹೊಡದೇ ತುಕಾರಾಮನ ಕಾಲು ಹೋತು," ನೆರೆಮನೆಯವನೊಬ್ಬ ಅಂದ. "ಕಮಲಾಪುರದಿಂದ ಕಲಬುರಗಿಗಿ ಕುಂತಲ್ಲೇ ಕುಂತಿರ್ತಿದ್ದ. ಮಹಾಗಾಂವದಾಗ ಚಾ ಕುಡಿಲಾಕೂ ಇಳೀತಿರ್ಲಿಲ್ಲ."

"ಇಳದ್ರ ಸೀಟ್ ಹೋಗ್ತದ ಅಂತಿದ್ದ."

"ಟೆಂಪೊ ಅವಂದೇ, ಸೀಟೂ ಅವಂದೇ. ಕಸಗೊಳ್ಳೋರ್ಯಾರಪ್ಪ!"

ನಗು ಬಂದವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

ತುಕಾರಾಮನ ಅಕ್ಕ, ಅಜಿತನ ತಾಯಿ ಗುಂಡಮ್ಮ ಮಾತ್ರ ನಗಲಿಲ್ಲ. "ನಮ್ಮಪ್ಪನೂ ಹಿಂಗೇ ಹೋದ. ಕಾಲು ಬಾತ್ತು, ಎದಿ ಹಿಡೀತು, ಮುಗೀತು. ಯಾರ ಕಣ್ಣು ಬಿತ್ತೋ ನಮ್ಮ ಮನಿಗಿ."

ಪಂಚಶೀಲಾ ತಂಬಿಗೆ ಕೆಳಗಿಟ್ಟಳು.

*

ಕಾಲು ಮೊದಲ ಸಲ ಬಾತಾಗ ಸೇಡಂ ರಸ್ತೆಯ ಆಸ್ಪತ್ರೆಗೆ ಅಪ್ಪನನ್ನು ಕರೆದೊಯ್ದವಳು ಅವಳೇ. ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು.

"ಗಾಯ ಆದ್ರ ರಕ್ತ ಹೆಪ್ಪುಗಟ್ಟಬೇಕ್ರಿ. ಕೆಲಸ ಮುಗದ ಮ್ಯಾಲ ಆ ಹೆಪ್ಪನ್ನ ದೇಹಾನೇ ಕರಗಿಸಬೇಕು," ಡಾಕ್ಟರು ಹೇಳಿದ್ದರು. "ನಿಮ್ಮ ಜೀನಿನಾಗ ಒಂದು ವ್ಯತ್ಯಾಸ ಅದ. ಕರಗಿಸೋದು ನಿಧಾನ. ಕಾಲಿನ ಹೆಪ್ಪು ಎದಿಗಿ ಏರಿದ್ರ ಜೀವಕ್ಕ ಕುತ್ತು. ಮಗಳಿಗೂ ಬಂದದ. ಎಲ್ಲರಿಗೂ ತ್ರಾಸ ಆಗ್ತದಂತಿಲ್ಲ, ಎಚ್ಚರ ಇರಬೇಕು. ಒಡಹುಟ್ಟಿದವರಿಗಿ ತಪಾಸಣಿ ಮಾಡಸ್ರಿ. ಮತ್ತ, ರಕ್ತಸಂಬಂಧದಾಗ ಮದುವಿ ಬ್ಯಾಡ. ಎರಡೂ ಕಡಿಯಿಂದ ಬಂದ್ರ ಮಕ್ಕಳಿಗಿ ಭಾರ."

ವಾಪಸು ಬರುವಾಗ ಟೆಂಪೊವನ್ನು ಅಪ್ಪನೇ ಓಡಿಸಿದ. ತಾಯಿ ತೀರಿಕೊಂಡ ಮೇಲೆ, ಡಿಗ್ರಿ ಮುಗಿಯುವವರೆಗೆ, ಅವಳಿಗೆಂದೇ ಖಾಲಿ ಇಡುತ್ತಿದ್ದ ಮುಂದಿನ ಸೀಟಿನಲ್ಲಿ ಅವಳು ಕೂತಿದ್ದಳು.

"ಅಜಿತ ನಿನಗ ಸೇರ್ತಾನಲ್ಲ?" ಎಂದ, ರಸ್ತೆ ನೋಡುತ್ತಲೇ.

ಅವಳು ಕಿಟಕಿಯ ಕಡೆ ತಿರುಗಿದಳು.

"ಡಾಕ್ಟರ್ ಹೇಳಿದ್ದು ಅಕ್ಕಗ ನಾನೇ ಹೇಳ್ತೀನಿ. ನೀ ಸುಮ್ನಿರು."

ಹೇಳುವ ದಿನವನ್ನು ಮುಂದೆ ಹಾಕುತ್ತಲೇ ಹೋದ. ಅವಳೂ ನೆನಪಿಸಲಿಲ್ಲ.

*

ಬುದ್ಧ, ಧಮ್ಮ, ಸಂಘಕ್ಕೆ ಶರಣೆನ್ನುವ ತ್ರಿಸರಣ ಮುಗಿಯಿತು. ಚಟ್ಟದ ನಾಲ್ಕು ಮೂಲೆಗೆ ನಾಲ್ವರು ಬಗ್ಗಿದರು. ತಲೆಯ ಕಡೆ ಅಜಿತ.

"ನಿಂದರ್ರಿ," ಎಂದಳು ಗುಂಡಮ್ಮ. ಪಂಚಶೀಲಾಳ ಕೈ ಹಿಡಿದು ತಮ್ಮನ ಎದೆಯ ಮೇಲಿಟ್ಟಳು. "ತಮ್ಮಾ, ಮಗಳ ಚಿಂತಿ ಇಟಗೊಂಡು ಹೋಗಬ್ಯಾಡ. ನನ್ನ ಅಜಿತಗ ತಂದ್ಕೋತೀನಿ. ಊರ ಮುಂದ ಮಾತ ಕೊಡ್ಲಾಕತ್ತೀನಿ. ಹೂಂ ಅನ್ನು, ಪಂಚಿ."

ಸುತ್ತಲಿನವರು ತಲೆಯಾಡಿಸಿದರು. ಅಜಿತ ಬಗ್ಗಿದಲ್ಲಿಂದಲೇ ಅವಳನ್ನು ನೋಡಿದ. ಹೂಂ ಅನ್ನಲು ಬಾಯಿ ತೆರೆಯುವುದೂ ಬೇಡ, ತಲೆ ಬಗ್ಗಿಸಿದರೆ ಸಾಕಿತ್ತು. ಹುಟ್ಟಿದಾಗಿನಿಂದ ಅವಳು ಅಷ್ಟನ್ನೇ ಮಾಡಿಕೊಂಡು ಬಂದಿದ್ದಳು.

"ನಾಚಲಾಕತ್ತಾಳ, ಪಾಪ," ಯಾರೋ ಅಂದರು. "ಹೂಂ ಅಂದಂಗೇ ಆತು. ಎತ್ರಿ, ಹೊತ್ತಾತು."

"ಅತ್ತಿ," ಎಂದಳು ಪಂಚಶೀಲಾ. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಅಪ್ಪನ್ನ ಕೊಂದದ್ದು ನಮ್ಮ ರಕ್ತದಾಗೇ ಅದ. ನನ್ನೊಳಗೂ ಅದ, ಅಜಿತನೊಳಗೂ ಇರಬಹುದು. ನಮ್ಮಿಬ್ಬರ ಮದುವಿ ಬ್ಯಾಡ."

ಚಟ್ಟ ಮೂರು ಮೂಲೆಯಲ್ಲಿ ಎದ್ದಿತ್ತು. ಅಜಿತನ ಮೂಲೆ ಇನ್ನೂ ನೆಲದ ಮೇಲೇ ಇತ್ತು.