ಕೈ ಎತ್ತಿ ಬಂದವನ ಅಂಗಿಯ ಬಣ್ಣ

ಹಸಿರು, ಇವನ ಅಂಗಿ ಹಸಿರು, ನನ್ನ ಸೋಲ್ಜರನದೂ ಹಸಿರೇ, ಉಳಿದವರದ್ದೆಲ್ಲ ಕೆಂಪು — ಕೆಂಪಂಗಿಯವರು ಮರದ ಮರೆಯಿಂದ ಗುಂಡು ಹಾರಿಸುತ್ತ ಬರುತ್ತಾರೆ, ಇವನೊಬ್ಬ ಮಾತ್ರ ಎರಡೂ ಕೈ ಮೇಲೆತ್ತಿಕೊಂಡು ಸೇತುವೆಯ ಕಡೆಯಿಂದ ಓಡಿ ಬಂದ, ಬಂದೂಕಿಲ್ಲ, ಮತ್ತು ನಾನು ಹಳೆಯ ಚಾಳಿಯಂತೆ ಸ್ಪೇಸ್ ಬಾರ್ ಒತ್ತಿಯೇಬಿಟ್ಟೆ, ಬಿದ್ದ, ಬಿದ್ದ ಮೇಲೆ ಪರದೆಯ ಅಡಿಯಲ್ಲಿ ಇಂಗ್ಲಿಷಿನ ಸಾಲೊಂದು ಬಂತು, ನೀನು ಕೊಂದದ್ದು ನಿನ್ನವನನ್ನೇ, ಸೇತುವೆಯ ಸುದ್ದಿ ತಂದಿದ್ದ, ಅಂತ ಅದರ ಅರ್ಥ, ಎರಡು ಸಲ ಓದಿದೆ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಇಷ್ಟು ತಿಳಿಯುತ್ತದೆ. ಆರು ವರ್ಷ. ಅಕ್ಕಲಕೋಟೆಯ ಅತ್ಯಾ, ಅಪ್ಪಾನ ತಂಗಿ, ಅವಳ ಮನೆಯ ಟಿವಿ ಗೇಮಿನಲ್ಲಿ ಒಂದಿಡೀ ಬೇಸಿಗೆ ಇವನನ್ನು ದಿನಕ್ಕೆ ಹತ್ತು ಸಲ ಹೊಡೆದಿದ್ದೇನೆ, ಹೊಡೆದು ಮೀಸೆ ತಿರುವಿದ್ದೇನೆ, ಆಗಿನ್ನೂ ಮೀಸೆಯೇ ಇರಲಿಲ್ಲ, ಹದಿನಾಲ್ಕು ವರ್ಷ. ಎ.ಸಿ. ಗುಂಯ್ ಎನ್ನುತ್ತಿದೆ, ಬರಿಗಾಲು ತಣ್ಣಗಾಗಿವೆ, ಚಪ್ಪಲಿ ಹೊರಗೆ ಬಿಡಬೇಕು, ಧೂಳು ಹೋದರೆ ಕಂಪ್ಯೂಟರಿಗೆ ಜ್ವರ ಬರುತ್ತದೆ ಎಂಬಂತೆ ಆಡುತ್ತಾರೆ ನಮ್ಮ ನಿತಿನ ಸರ್, ಅವರು ಊಟಕ್ಕೆ ಮನೆಗೆ ಹೋಗಿದ್ದಾರೆ, ನಾಲ್ಕಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಸೋಲಾಪುರದ ನವಿ ಪೇಠೆಯ ಈ ಕಂಪ್ಯೂಟರ್ ಕ್ಲಾಸು, ಈ ಆರು ಕಂಪ್ಯೂಟರು, ಈ ಬೀಗದ ಕೈ ಎಲ್ಲ ನನ್ನದು. ಗಡಿಯಾರದಲ್ಲಿ ಮೂರು. ಮೂರೂವರೆಗೆ ಮುಕ್ತಕ್ಕ, ನನ್ನ ಒಡಹುಟ್ಟಿದ ಅಕ್ಕ, ಬರುತ್ತಾಳೆ.

ನಾನೇ ಕರೆದದ್ದು, ಅತ್ಯಾನ ಪಕ್ಕದ ಮನೆಗೆ ಫೋನ್ ಮಾಡಿ, ಅಕ್ಕಾ ನಮ್ಮ ಸೋಲ್ಜರ್ ಕಂಪ್ಯೂಟರಿನ್ಯಾಗ ಬಂದಾನ, ಫ್ಲಾಪಿ ಸಿಕ್ಕದ, ಹಳೀ ಗೇಮು ಅಂತ ಯಾರೂ ಮುಟ್ಟಂಗಿಲ್ಲ, ನೀ ಸೀರಿ ತಗೋಳಾಕ ಸೋಲಾಪುರಕ್ಕ ಬಂದಾಗ ಬಾ, ಅಂದೆ, ಅವಳು ನಕ್ಕಳು, ಖರೇನ? ಟಿವಿ ಗೇಮಿಗಿಂತ ಚಲೋ ಅದೇನೋ? ನೋಡಿ ಇಡು, ನನಗ ಹೇಳು, ಯಾವುದು ಚಲೋ ಅಂತ. ಅದಕ್ಕೇ ನೋಡಿ ಇಡುತ್ತಿದ್ದೇನೆ, ಪರೀಕ್ಷೆಗೆ ಓದಿದ ಹಾಗೆ. ಸಂಗೀತ ಟಿವಿಯದೇ ವಾಸಿ, ಡೋಲು ಬಡಿದಂತೆ ಇತ್ತು, ಇಲ್ಲಿ ಡಬ್ಬಿಯೊಳಗೆ ಸೊಳ್ಳೆ ಕೂತು ಪೀಂ ಪೀಂ ಅನ್ನುತ್ತದೆ. ಜಿಗಿಯುವುದು ಅಲ್ಲಿಯೇ ಸಲೀಸು, ರಿಮೋಟಿನ ಗುಂಡಿ ಹೆಬ್ಬೆರಳಿಗೆ ಹೇಳಿ ಮಾಡಿಸಿದ್ದು, ಇಲ್ಲಿ ಕೀಬೋರ್ಡಿನ ಮೇಲೆ ಬೆರಳುಗಳು ಒಂದಕ್ಕೊಂದು ತೊಡರುತ್ತವೆ. ಅಲ್ಲಿ ಕ್ಯಾಸೆಟ್ ಹಾಕುವ ಮೊದಲು ಉಫ್ ಉಫ್ ಅಂತ ಊದಬೇಕು, ಇಲ್ಲಿ ಎರಡು ಫ್ಲಾಪಿ ಬದಲಿಸಬೇಕು. ಅಲ್ಲಿ ಇಬ್ಬರು ಆಡಬಹುದು, ಇಲ್ಲಿ ಒಬ್ಬನೇ — ಎರಡನೆಯ ಸೋಲ್ಜರನೇ ಇಲ್ಲ, ಹೆಲಿಕಾಪ್ಟರಿನಿಂದ ಒಬ್ಬನೇ ಇಳಿಯುತ್ತಾನೆ, ಇಳಿದಾಗ ಮುಕ್ತಕ್ಕನ ಜಾಗ ಖಾಲಿ. ಆದರೆ ಬಣ್ಣ! ಅತ್ಯಾನ ಮನೆಯ ಟಿವಿ ಕಪ್ಪು ಬಿಳುಪಿನದು, ನಮಗೆ ಶತ್ರುವೂ ಬೂದಿ ಬಣ್ಣ, ನಾವೂ ಬೂದಿ ಬಣ್ಣ, ಕ್ಯಾಸೆಟ್ಟಿನಲ್ಲಿ ಬರುವ ಅಕ್ಷರ ಚೀನಾದ್ದೋ ಜಪಾನಿನದೋ ಯಾರಿಗೆ ಗೊತ್ತು, ಮೂರನೆಯ ಹಂತದಲ್ಲಿ ಈ ಕೈ ಎತ್ತಿದವನು ಬಂದಾಗಲೆಲ್ಲ ಮುಕ್ತಕ್ಕ ರಿಮೋಟ್ ಹಿಡಿದ ಕೈಯಿಂದಲೇ ನನ್ನ ಮೊಣಕೈ ಹಿಡಿಯುತ್ತಿದ್ದಳು, ಥಾಂಬ, ಥಾಂಬ, ನಿಲ್ಲೋ, ಹೊಡಿಬ್ಯಾಡೋ, ಅವನ ಕೈಯಾಗ ಏನೂ ಇಲ್ಲ, ಏನರ ಹೇಳಾಕ ಬಂದಿರಬೇಕು, ಮತ್ತು ನಾನು ಹೊಡೆಯುತ್ತಿದ್ದೆ, ಹೊಡೆದರೆ ಅಂಕ ಬರುತ್ತಿತ್ತು, ಆಮೇಲೆ ಇಬ್ಬರೂ ಸೇತುವೆ ಹತ್ತುತ್ತಿದ್ದೆವು, ಸೇತುವೆ ಢಂ ಎಂದು ಹಾರುತ್ತಿತ್ತು, ಒಮ್ಮೆಯೂ ನಾಲ್ಕನೆಯ ಹಂತ ನೋಡಲಿಲ್ಲ. ಸೇತುವೆಯ ಎಡಬದಿಗೆ ಬಾಂಬು ಹೂತಿದ್ದಾರೆ, ಬಲಬದಿಗೆ ಹೋಗು — ಇಷ್ಟೇ ಅವನ ಸುದ್ದಿ. ಈಗ ಬಿಟ್ಟು ನೋಡಿದೆ, ಬಂದ, ಹೇಳಿದ, ಹೋದ. ಇನ್ನೊಂದು ಸಂಗತಿ, ಇಲ್ಲಿ ಎಫ್ ಎರಡು ಒತ್ತಿದರೆ ಆಟ ಅಲ್ಲಿಗೇ ಉಳಿಯುತ್ತದೆ, ತಪ್ಪಿದರೆ ಮತ್ತೆ ಅಲ್ಲಿಂದಲೇ ಶುರು. ಅವನು ಬರುವುದಕ್ಕೆ ಎರಡು ಹೆಜ್ಜೆ ಮುಂಚೆ ಉಳಿಸಿ ಇಟ್ಟಿದ್ದೇನೆ, ಅಕ್ಕನಿಗೆ ತೋರಿಸಲು.

ಟಿವಿ ಗೇಮಿನಲ್ಲಿ ಉಳಿಸುವುದಿರಲಿಲ್ಲ, ಸ್ವಿಚ್ ತೆಗೆದರೆ ಮುಗಿಯಿತು, ಆ ದಿನ ತೆಗೆದರಲ್ಲ, ಅತ್ಯಾನೇ ತೆಗೆದಳು, ಬಂದ್ ಮಾಡೋ ತೇಜಾ, ಕನ್ಯಾ ನೋಡವ್ರು ಬಂದ್ರು, ಎರಡು ತಾಸು ಆಡಿ ಮುಟ್ಟಿದ್ದ ಮೂರನೆಯ ಹಂತ ಗಪ್ಪನೆ ಕತ್ತಲಾಯಿತು, ಅಳು ಬಂದಿತ್ತು, ಸಿಟ್ಟು ಬಂದಿತ್ತು, ಬಂದವರ ಮೇಲೆಯೇ ಸಿಟ್ಟು. ಬಂದವರು ಇಬ್ಬರು, ತಹಶೀಲ ಕಚೇರಿಯ ಕ್ಲಾರ್ಕ್ ಶ್ರೀನಿವಾಸರು, ಅವರ ಸೋದರಮಾವ. ಅಪ್ಪಾ ಅದಕ್ಕೆಂದೇ ಜಿಲ್ಲಾ ಪರಿಷತ್ತಿಗೆ ರಜೆ ಹಾಕಿ ಸೋಲಾಪುರದಿಂದ ಬಂದಿದ್ದ. ಮುಕ್ತಕ್ಕ ನೀಲಿ ಸೀರೆಯುಟ್ಟು ಬಂದು ಅವಲಕ್ಕಿಯ ಪ್ಲೇಟುಗಳನ್ನಿಟ್ಟು ಒಳಗೆ ಹೋದಳು, ಅವಳೇ ಮಾಡಿದ್ದು, ಮೇಲೆ ಕೊತ್ತಂಬರಿ, ಕಾಯಿತುರಿ, ಚಮಚ ನೆಟ್ಟಗೆ ಚುಚ್ಚಿದ್ದು. ಮಾವ ತಿಂದು ಮುಗಿಸಿ ಅಪ್ಪಾನ ಜೊತೆ ಹಿತ್ತಲ ಬಾವಿ ನೋಡಲು ಎದ್ದ, ಖಾಲಿ ಪ್ಲೇಟು ಒಯ್ಯಲು ನಾನು ಹೋದೆ, ಶ್ರೀನಿವಾಸರ ಪ್ಲೇಟು ತುಂಬಿದ್ದೇ ಇತ್ತು. ಅವರು ನನ್ನನ್ನು ಹತ್ತಿರ ಕರೆದರು, ದನಿ ತಗ್ಗಿಸಿ ತಮ್ಮ ತಾಯಿಯ ಮಾತೆತ್ತಿದರು, ತಮ್ಮಾ, ನಮ್ಮ ಆಯೀದು ಕಣ್ಣಿನ ಆಪರೇಶನ್ ಅದ, ಅದು ಆಗೂತನಕಾ ಹೊರಗ ಉಪ್ಪಿಂದೇನೂ ತಿನ್ನಂಗಿಲ್ಲಂತ ಹರಕಿ ಹೊತ್ತೀನಿ, ಯಾರಿಗೂ ಹೇಳಿಲ್ಲ, ಮಾಮಾಗೂ ಗೊತ್ತಿಲ್ಲ, ನೀ ಒಳಗ ಅಷ್ಟ ಹೇಳಿಬಿಡು, ತಪ್ಪ ತಿಳಕೋಬ್ಯಾಡ್ರಿ ಅಂತ. ಹೂಂ ಎಂದು ತಲೆಯಾಡಿಸಿದೆ. ಅಲ್ಲಿಂದ ಅಡುಗೆಮನೆಗೆ ಹದಿನೈದು ಹೆಜ್ಜೆ, ಆ ಹದಿನೈದು ಹೆಜ್ಜೆಯಲ್ಲಿ ಒಂದು ಮಗುಮನಸ್ಸು ಎಷ್ಟು ಲೆಕ್ಕ ಹಾಕೀತು, ಇವರು ಹೂಂ ಅಂದರೆ ಮುಕ್ತಕ್ಕ ಹೋಗುತ್ತಾಳೆ, ಎರಡನೆಯ ರಿಮೋಟ್ ಯಾರು ಹಿಡಿಯಬೇಕು — ಅಲ್ಲ, ಮಗುಮನಸ್ಸು ಅಂತ ನನಗೆ ನಾನೇ ರಿಯಾಯಿತಿ ಕೊಟ್ಟುಕೊಳ್ಳುವುದು ಬೇಡ, ಹದಿನಾಲ್ಕಕ್ಕೆ ಎಲ್ಲ ತಿಳಿಯುತ್ತದೆ, ತಿಳಿದೇ ಮಾಡಿದೆ. ಯಾಕೋ, ಮುಟ್ಟೇ ಇಲ್ಲಲ್ಲ? ಅತ್ಯಾ ಕೇಳಿದಳು. ಬ್ಯಾಡ ಅಂದ್ರು, ಅಂದೆ. ಅಷ್ಟೇ. ಸುಳ್ಳೇನಲ್ಲ, ಬೇಡ ಎಂದೇ ಅವರು ಹೇಳಿದ್ದು, ಉಳಿದದ್ದನ್ನು ನುಂಗಿದೆ. ಮುಕ್ತಕ್ಕ ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡಳು, ಎರಡೂ ಕೈಯಲ್ಲಿ ಹಿಡಿದು ನಿಂತಳು, ಕಾಯಿತುರಿ ಹಾಗೇ, ಚಮಚ ಹಾಗೇ. ನಮ್ಮಲ್ಲಿ ಹುಡುಗಿ ಒಪ್ಪಿಗೆಯಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಲ್ಲ, ಪ್ಲೇಟು ಮುಟ್ಟದೆ ಬಿಟ್ಟರೆ ಆಯಿತು.

ಎಂಟು ದಿನ ಬಿಟ್ಟು ಹುಡುಗಿಯ ಅಪ್ಪ ಹೋಗಿ ವಿಚಾರಿಸಬೇಕು, ಅದು ರೂಢಿ, ಅಪ್ಪಾ ಹೋಗಲಿಲ್ಲ. ಅತ್ಯಾ ಎರಡು ಸಲ ಅಂದಳು, ಹೋಗಿ ಒಂದ ಮಾತ ಕೇಳಿ ಬಾರಣ್ಣಾ, ಅಪ್ಪಾ ಪೇಪರಿನಿಂದ ತಲೆ ಎತ್ತಲಿಲ್ಲ, ಪ್ಲೇಟ ತುಂಬಿದ್ದs ತಿರುಗಿ ಬಂದ ಮ್ಯಾಲ ಕೇಳೂದು ಏನದ ದ್ವಾರಕಾ, ಮಾನಾ ಬಿಟ್ಟು ಹೋಗಲೇನು? ಅವತ್ತು ಶ್ರೀನಿವಾಸರ ಚಹಾದ ಕಪ್ಪು ಖಾಲಿಯಾಗಿತ್ತು, ತಳದ ಸಕ್ಕರೆಯನ್ನೂ ಬಿಟ್ಟಿರಲಿಲ್ಲ, ತೊಳೆಯಲು ಹಾಕಿದವನು ನಾನೇ, ಕಪ್ಪು ಯಾರೂ ನೋಡಲಿಲ್ಲ, ಪ್ಲೇಟು ಎಲ್ಲರೂ ನೋಡಿದರು. ನಾನು ಹೇಳಬಹುದಿತ್ತು, ಆ ಎಂಟು ದಿನದಲ್ಲಿ ಯಾವತ್ತಾದರೂ, ಬಾಯಿಗೆ ಬೀಗ ಹಾಕಿಕೊಂಡು ಆಡುತ್ತ ಕೂತೆ, ಎರಡನೆಯ ರಿಮೋಟ್ ಹಿಡಿದು ಮುಕ್ತಕ್ಕನೂ ಕೂತಳು, ಕೈ ಎತ್ತಿದವನು ಬಂದಾಗ ಈಗ ಅವಳು ಥಾಂಬ ಅನ್ನುತ್ತಿರಲಿಲ್ಲ. ನಾನು ಉಳಿಸಿಕೊಂಡೆ ಅಂದುಕೊಂಡ ಅಕ್ಕ ಬೇಸಿಗೆ ಮುಗಿಯುವುದರೊಳಗೆ ಆಡುವುದನ್ನೇ ಬಿಟ್ಟಳು, ಅಕ್ಕಲಕೋಟೆಯ ಬಾಲವಾಡಿಯಲ್ಲಿ ಕೆಲಸ ಹಿಡಿದು ಅತ್ಯಾನ ಮನೆಯಲ್ಲೇ ಉಳಿದಳು, ಆಮೇಲೆ ಬಂದ ಗಂಡುಗಳ ಮುಂದೆ ಒಂದು ಸಲವೂ ಅವಳು ಪ್ಲೇಟು ಹಿಡಿದು ಬರಲಿಲ್ಲ, ನೀವs ಕೊಡ್ರಿ ಅತ್ಯಾ, ನನ್ನ ಮಾರಿ ನೋಡಿದ್ರ ಹಸಿವಿ ಹೋಗತದ, ಚೇಷ್ಟೆ ಮಾಡಿದ ಹಾಗೆ ಅನ್ನುತ್ತಿದ್ದಳು, ಎಲ್ಲರೂ ನಗುತ್ತಿದ್ದರು, ನಾನೂ. ಈಗ ಇಪ್ಪತ್ತಾರು. ಈ ರವಿವಾರ ದುಧನಿ ಊರಿನವರೊಬ್ಬರು ಅವಳನ್ನು ನೋಡಲು ಬರುತ್ತಾರೆ, ನಲವತ್ತರ ಮೇಲಿನವರು, ಹೆಂಡತಿ ತೀರಿಕೊಂಡಿದ್ದಾರೆ, ಎರಡು ಹೆಣ್ಣುಮಕ್ಕಳು, ಕೆಟ್ಟವರೇನಲ್ಲ, ಆದರೆ ನೋಡುವ ಮೊದಲೇ ಮುಕ್ತಕ್ಕ ಹೂಂ ಅಂದಿದ್ದಾಳೆ, ಅವರು ಒಪ್ಪಿದ್ರ ಸಾಕು, ನಂದೇನು ನೋಡೂದದ, ಅಂದಳಂತೆ. ನಂದೇನು ನೋಡೂದದ. ಆ ಮಾತು ಯಾರು ಕಲಿಸಿದ್ದು ಅವಳಿಗೆ? ನಾನು. ಹೋದ ತಿಂಗಳು ಎಸ್.ಟಿ. ಸ್ಟ್ಯಾಂಡಿನಲ್ಲಿ ಮೈಂದರ್ಗಿಯ ಬಸ್ಸಿನ ಕಿಟಕಿಯಿಂದ ತೇಜಸ ಅಲ್ಲೇನು ಅಂತ ಕರೆದವರು ಶ್ರೀನಿವಾಸರು, ಪಕ್ಕದಲ್ಲಿ ಹೆಂಡತಿ, ತೊಡೆಯ ಮೇಲೆ ಕೂಸು, ಕೂದಲು ಸ್ವಲ್ಪ ಹಿಂದೆ ಸರಿದಿದೆ, ಅಕ್ಕ ಹ್ಯಾಂಗಿದ್ದಾಳ ಅಂದರು, ಆರಾಮ ಅಂದೆ, ಹೆಂಡತಿ ಕೂಸಿಗೆ ನೀರು ಕುಡಿಸಲು ಆಚೆ ತಿರುಗಿದಾಗ ಕಿಟಕಿಗೆ ಬಾಗಿ ಕೇಳಿದರು, ಅವತ್ತ ನೀ ಒಳಗ ಹೇಳಿದ್ದೀ ಅಲ್ಲಾ? ನಾವು ಭಾಳ ದಿನ ದಾರಿ ಕಾದ್ವಿ. ಹೂಂ, ಹೇಳಿದ್ದೆ ರೀ, ಅಂದೆ. ಎರಡನೆಯ ಗುಂಡು. ಅವರು ತಲೆಯಾಡಿಸಿದರು, ಹಂಗಾರ ಋಣಾ ಇರಲಿಲ್ಲ ಬಿಡು, ಬಸ್ಸು ಹೊರಟಿತು, ಧೂಳಿನಲ್ಲಿ ನಿಂತು ನನಗೆ ನಾನೇ ಅಸಹ್ಯವಾದೆ.

ಬಾಗಿಲ ಸದ್ದು, ಚಪ್ಪಲಿ ಬಿಡುವ ಸದ್ದು, ಅವ್ವಯ್ಯ ಎಷ್ಟ ಥಂಡಿ ಅದನೋ ಇಲ್ಲೆ, ಮುಕ್ತಕ್ಕ, ಬಗಲಲ್ಲಿ ಸೀರೆಯ ಪೊಟ್ಟಣ, ಸೆರಗಿನಿಂದ ಹಣೆ ಒರೆಸಿಕೊಂಡು ಕುರ್ಚಿಯ ತುದಿಗೆ ಕೂತಳು, ಎಲ್ಲೆ, ತೋರಸು, ಎಲ್ಲಿದ್ದಾನ ನಮ್ಮ ಸೋಲ್ಜರ್. ಉಳಿಸಿಟ್ಟದ್ದನ್ನು ತೆರೆಯುತ್ತೇನೆ, ಬಣ್ಣ ನೋಡಿ ಅವಳ ಬಾಯಿ ತೆರೆದೇ ಉಳಿಯಿತು, ಅಯ್ಯ ಕಾಡು ಎಷ್ಟ ಹಸರದನೋ, ನಾವು ಬರೇ ಬೂದೀನ್ಯಾಗ ಓಡ್ಯಾಡಿದ್ವಲ್ಲ, ಬಾಣದ ಗುಂಡಿಗಳನ್ನು ಒತ್ತಲು ಕಲಿಸಿದೆ, ಒಂದು ಹೆಜ್ಜೆ, ಎರಡು, ಅವನು ಕೈ ಎತ್ತಿಕೊಂಡು ಬಂದ, ನನ್ನ ಬೆರಳು ತಾನಾಗಿ ಸ್ಪೇಸ್ ಬಾರಿನತ್ತ ಹೋಯಿತು, ಅವಳು ಅದನ್ನು ಹಿಡಿದಳು, ಥಾಂಬ. ಆರು ವರ್ಷದ ಮೇಲೆ. ಅವನು ಬಂದ, ಸಾಲು ಮೂಡಿತು, ನೋಡು, ನಮ್ಮವನs ಅವ, ನಾ ಅಂದಿದ್ದಿಲ್ಲೇನು, ಅಂಗೀ ನೋಡು, ಎಷ್ಟು ಖುಷಿ ಅವಳಿಗೆ, ಏನ ಅಂತಾನೋ ಅವ, ನನಗ ಇಂಗ್ಲಿಷ ಓದಾಕ ಬರಂಗಿಲ್ಲ ಲಗೂನ, ಏನ ಹೇಳಾಕತ್ಯಾನ? ಬಲಕ್ಕ ಹೋಗು ಅಂತಾನ, ಅಂದೆ. ಬಲಕ್ಕೆ ಹೋದಳು, ಸೇತುವೆ ಹಾರಲಿಲ್ಲ, ನಾಲ್ಕನೆಯ ಹಂತ, ಇಬ್ಬರೂ ಕಾಣದ ಊರು, ಮಣ್ಣಿನ ಮನೆಗಳು, ಹೊಗೆ, ಅವಳು ನಗುತ್ತ ನಡೆಯುತ್ತಿದ್ದಾಳೆ, ಈಗ ಹೇಳದಿದ್ದರೆ ರವಿವಾರ ಬರುತ್ತದೆ, ಹೇಳಿದರೆ ಈ ನಗು ಹೋಗುತ್ತದೆ, ಹೋಗಲಿ, ನಗುವನ್ನಾದರೂ ಉಳಿಸೋಣ ಅಂತ ಮತ್ತೆ ನುಂಗಿದರೆ ನಾನು ಆ ಹದಿನೈದು ಹೆಜ್ಜೆಯಲ್ಲೇ ಇದ್ದೇನೆ ಅಂತ ಅರ್ಥ, ಅಕ್ಕಾ, ಅಂದೆ, ಹೂಂ, ಅಕ್ಕಾ ಆ ಶ್ರೀನಿವಾಸರು, ತಹಶೀಲದಾವ್ರು, ಅವರು ನಿನ್ನ ಬ್ಯಾಡ ಅಂದಿದ್ದಿಲ್ಲ, ಅವರ ಆಯೀದು ಕಣ್ಣಿನ ಆಪರೇಶನ್ ಇತ್ತು, ಉಪ್ಪು ತಿನ್ನಂಗಿಲ್ಲಂತ ಹರಕಿ ಇತ್ತು, ಒಳಗ ಹೇಳು ಅಂತ ನನಗ ಹೇಳಿದ್ರು, ನಾ ಹೇಳಲಿಲ್ಲ, ಬೇಕಂತ ಹೇಳಲಿಲ್ಲ, ಅವರು ಭಾಳ ದಿನ ದಾರಿ ಕಾದ್ರಂತ — ಎಲ್ಲ ಒಂದೇ ಉಸಿರಿನಲ್ಲಿ, ಪರದೆಯನ್ನೇ ನೋಡುತ್ತ. ಅವಳೂ ಪರದೆಯನ್ನೇ ನೋಡುತ್ತಿದ್ದಾಳೆ. ಅವಳ ಬೆರಳು ಬಾಣದ ಗುಂಡಿಯಿಂದ ಏಳಲಿಲ್ಲ, ಸೋಲ್ಜರ್ ಒಂದು ಗೋಡೆಗೆ ತಾಗಿಕೊಂಡು ನಿಂತಲ್ಲೇ ಓಡುತ್ತಿದ್ದಾನೆ, ಕೆಂಪಂಗಿಯವನೊಬ್ಬ ಬಂದು ಹೊಡೆದ, ಬಿದ್ದ, ಮತ್ತೆ ಎದ್ದ, ಮತ್ತೆ ಗೋಡೆ, ಬೈಯಲಿ, ಕೆನ್ನೆಗೆ ಬಾರಿಸಲಿ, ಕುರ್ಚಿ ತಳ್ಳಿ ಹೋಗಲಿ, ಏನಾದರೂ ಮಾಡಲಿ. ಆಮೇಲೆ ಅವಳ ದನಿ, ಸಣ್ಣಗೆ, ಬಾಲವಾಡಿಯ ಕೂಸನ್ನು ಕೇಳುವ ಹಾಗೆ, ಆತೇನು ಅವರ ಆಯೀದು ಆಪರೇಶನ್? ಕಣ್ಣ ಬಂದ್ವೇನು? ಕಣ್ಣು ಬಂದವೇ, ಕೇಳಲಿಲ್ಲ ನಾನು, ಆರು ವರ್ಷದಲ್ಲಿ ಕೇಳಲಿಲ್ಲ, ಬಸ್ಸಿನ ಕಿಟಕಿಯ ಕೆಳಗೆ ನಿಂತಾಗಲೂ ಕೇಳಲಿಲ್ಲ, ಗೊತ್ತಿಲ್ಲ ಅಕ್ಕಾ, ಗೊತ್ತಿಲ್ಲ, ಅವಳು ಗುಂಡಿ ಬಿಟ್ಟು ತಿರುಗಿ ನನ್ನ ಮುಖ ನೋಡುತ್ತಾಳೆ, ನೋಡಲಾರೆ, ಕಣ್ಣು ಕೆಳಗಿಳಿಸಿದರೆ ಮಡಿಲಲ್ಲಿ ಅವಳ ಎರಡು ಕೈ, ಖಾಲಿ ಕೈ, ಖಾಲಿಯಲ್ಲ, ಅವತ್ತಿನ ಪ್ಲೇಟಿದೆ, ಕಾಯಿತುರಿ ಹಾಗೇ, ಚಮಚ ಹಾಗೇ, ಚಮಚ ನೆಟ್ಟಗೆ